ಆಮೆನ್ ಆದ ಮೇಲೆ

ನಮ್ಮ ಮನೆಯಲ್ಲಿ ಜಗಳಕ್ಕೊಂದು ಗಡುವು ಇತ್ತು. ಊಟದ ತಟ್ಟೆಗಳು ಖಾಲಿಯಾಗುವ ಹೊತ್ತಿಗೆ ಅಪ್ಪ ಎರಡೂ ಕೈ ಜೋಡಿಸಿ "ಪ್ರಾರ್ಥನೆ ಮಾಡೋಣ" ಎನ್ನುತ್ತಿದ್ದರು. ಏನು ಹೇಳುವುದಿದ್ದರೂ ಅಷ್ಟರೊಳಗೆ ಹೇಳಿ ಮುಗಿಸಬೇಕು. ಆಮೆನ್ ಆದ ಮೇಲೆ ಆ ವಿಷಯ ಎತ್ತುವ ಹಾಗಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ದೇವರ ಕೈಗೆ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವುದು ಯಾವ ಸೀಮೆಯ ಮರ್ಯಾದೆ ಎಂದು ಅಪ್ಪ ಕೇಳುತ್ತಿದ್ದರು.

ಹೀಗಾಗಿ ನಾವೆಲ್ಲ ಹೊತ್ತು ನೋಡಿಕೊಂಡು ಜಗಳವಾಡುವುದನ್ನು ಕಲಿತಿದ್ದೆವು. ಗೆಲ್ಲುತ್ತಿದ್ದವರು ಆತುರಾತುರವಾಗಿ ಕೊನೆಯ ಮಾತು ಆಡಿಬಿಡುತ್ತಿದ್ದರು. ಸೋಲುತ್ತಿದ್ದವರು ಅಪ್ಪನ ಕೈಯ ಕಡೆ ನೋಡುತ್ತಿದ್ದರು. ಅಣ್ಣನಂತೂ ಮಾತಿನಲ್ಲಿ ಸಿಕ್ಕಿಬಿದ್ದಾಗಲೆಲ್ಲ "ಅಪ್ಪಾ, ಹೊತ್ತಾಯ್ತಲ್ವಾ?" ಎಂದು ಬಹಳ ಭಕ್ತಿಯಿಂದ ಕೇಳುತ್ತಿದ್ದ. ಅವನ ಮಗಳು ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಅವಳನ್ನು ವಕೀಲೆ ಎಂದೇ ಕರೆಯುತ್ತೇವೆ. ಅವಳು ತಟ್ಟೆಯಲ್ಲಿ ಒಂದು ತುಂಡು ಬ್ರೆಡ್ ಉಳಿಸಿಕೊಂಡು ವಾದ ಬೆಳೆಸುತ್ತಿದ್ದಳು. ಒಬ್ಬರ ತಟ್ಟೆಯಲ್ಲಿ ಊಟವಿದ್ದರೂ ತಾತ ಕೈ ಜೋಡಿಸುವುದಿಲ್ಲ ಎಂಬ ಕಾನೂನಿನ ಅಂಶವನ್ನು ಅವಳು ಬೇಗನೆ ಪತ್ತೆ ಹಚ್ಚಿದ್ದಳು.

ಅಪ್ಪ ಚರ್ಚಿನ ಸಭೆಯ ಉಪದೇಶಿಯಾಗಿದ್ದವರು. ಕಳಿಸಿದ ಕಡೆಗೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಹೋಗಿ, ಸತ್ತವರ ಮನೆ, ಕೆಟ್ಟವರ ಮನೆ ಎನ್ನದೆ ಪ್ರಾರ್ಥನೆ ಮಾಡಿ, ಮಂಡಿ ಸವೆಸಿಕೊಂಡು ನಿವೃತ್ತರಾದರು. ಈಗ ನಾವಿರುವುದು ಅಣ್ಣನ ಲಾಂಡ್ರಿಯ ಮೇಲಿನ ಮನೆಯಲ್ಲಿ. ಕೆಳಗೆ ಅಣ್ಣ ಒಗೆಸುತ್ತಾನೆ, ನಾನು ಇಸ್ತ್ರಿ ಹಾಕುತ್ತೇನೆ, ಅತ್ತಿಗೆ ಕೌಂಟರಿನಲ್ಲಿ ಕೂರುತ್ತಿದ್ದಳು. ನನ್ನ ಮದುವೆಯ ಮಾತು ಎತ್ತುವವರು ಈಗ ಯಾರೂ ಉಳಿದಿಲ್ಲ. ಬಿಸಿ ಇಸ್ತ್ರಿ ಹಿಡಿದವಳ ಹತ್ತಿರ ಅಂಥ ಮಾತು ತೆಗೆಯಲು ಧೈರ್ಯ ಬೇಕು.

ಅತ್ತಿಗೆ ಓದಲು ಹೊರಟದ್ದಕ್ಕೆ ಆ ಕೌಂಟರೇ ಕಾರಣ. ಬಟ್ಟೆ ಕೊಡಲು ಬಂದ ಹೆಂಗಸರು ಚೀಟಿ ತೆಗೆದುಕೊಂಡ ಮೇಲೂ ಹೋಗುತ್ತಿರಲಿಲ್ಲ. ಕಲೆ ಹೇಗಾಯಿತು ಎಂದು ಶುರುವಾದ ಮಾತು ಗಂಡ ಹೇಗೆ ಕೈಯೆತ್ತಿದ ಎನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಸಭೆಯ ಪಾದ್ರಿಗಳು ಒಮ್ಮೆ ತಮ್ಮ ಅಂಗಿಗಾಗಿ ಕಾಯುತ್ತ ಇದನ್ನು ನೋಡಿ, "ನೀವು ಡಿಗ್ರಿ ಮಾಡಿದ್ದೀರಿ. ಇದನ್ನೇ ಸರಿಯಾಗಿ ಯಾಕೆ ಕಲೀಬಾರದು?" ಎಂದರು. ಕ್ರೈಸ್ತ ದೃಷ್ಟಿಯಿಂದ ಆಪ್ತಸಮಾಲೋಚನೆ ಕಲಿಸುವ ಕಾಲೇಜು, ಎರಡು ವರ್ಷದ ಎಂ.ಎ., ಸಂಜೆ ತರಗತಿ. ಅತ್ತಿಗೆ ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು.

"ಮಾತು ಕೇಳೋದು ಕಲಿಯೋಕೆ ಎರಡು ವರ್ಷನಾ?" ಎಂದು ಅಮ್ಮ ಕೇಳಿದಳು.

"ಅತ್ತೆ, ಮಾತಾಡದೆ ಕೇಳೋಕೆ."

"ಹಾಗಾದ್ರೆ ನಿನ್ನ ಗಂಡನ್ನ ಕಳಿಸು. ಅವನಿಗೆ ನಾಲ್ಕು ವರ್ಷ ಆದ್ರೂ ಬೇಕು."

ಎಲ್ಲರಿಗಿಂತ ಹೆಚ್ಚು ಹಿಗ್ಗಿದ್ದು ಅಪ್ಪ. ಔಷಧದ ಅಂಗಡಿಯ ಹಾಗೆ ಯಾವ ನೋವಿಗೆ ಬೈಬಲಿನ ಯಾವ ವಾಕ್ಯ ಎಂದು ಅಲ್ಲಿ ಕಲಿಸುತ್ತಾರೆ ಎಂದು ಅವರು ತಿಳಿದಿದ್ದರು. ಸೊಸೆಯನ್ನು ಕೂರಿಸಿಕೊಂಡು, ಮಗು ಕಳೆದುಕೊಂಡವರಿಗೆ ಏನು ಹೇಳಬೇಕು, ಕೆಲಸ ಹೋದವರಿಗೆ ಏನು ಹೇಳಬೇಕು ಎಂದು ತಮ್ಮ ಅನುಭವವನ್ನೆಲ್ಲ ಧಾರೆ ಎರೆದರು. ಅತ್ತಿಗೆ ತಲೆಯಾಡಿಸುತ್ತ ಕೇಳಿದಳು. ಕಾಲೇಜಿಗೆ ಹೋದ ಮೇಲೆ, ಕೆಲವು ವಾರ ಯಾರಿಗೂ ಏನನ್ನೂ ಹೇಳಕೂಡದು ಎಂಬುದೇ ಮೊದಲ ಪಾಠ ಎಂದು ಗೊತ್ತಾಯಿತು.

ನನಗೆ ಇದೆಲ್ಲ ಬಹಳ ಮಜವಾಗಿತ್ತು. ಅತ್ತಿಗೆ ತರಗತಿಯಿಂದ ಬರುವುದನ್ನೇ ಕಾಯುತ್ತಿದ್ದೆ. ಇವತ್ತು ಏನು ಕಲಿಸಿದರು? ಎದುರಿನವರು ಸುಮ್ಮನಾದಾಗ ತಾನೂ ಸುಮ್ಮನಿರುವುದು. ಅದನ್ನು ಹೇಗೆ ಕಲಿಸ್ತಾರೆ? ಒಬ್ಬರನ್ನೊಬ್ಬರು ನೋಡುತ್ತ ಕೂರಿಸುತ್ತಾರೆ. ನಗು ಬರೋದಿಲ್ವಾ? ಬರುತ್ತೆ. ಆಮೇಲೆ? ಆಮೇಲೆ ಯಾರಾದರೂ ಅಳುತ್ತಾರೆ. ಇದು ನನಗೆ ಅರ್ಥವಾಗಲಿಲ್ಲ. ಮಾರನೆಯ ದಿನ ಇಸ್ತ್ರಿ ಮೇಜಿನ ಹತ್ತಿರ ಅಣ್ಣನನ್ನು ಸುಮ್ಮನೆ ನೋಡುತ್ತ ನಿಂತೆ. ಅವನು ಸ್ವಲ್ಪ ಹೊತ್ತು ತಡೆದುಕೊಂಡು, "ಆ ಬಿಳಿ ಕೋಟಿನ ಗುಂಡಿ ಕಳೆದಿದ್ದು ನಾನೇ ಕಣೇ, ಸಾಕಾ?" ಎಂದ. ಅವತ್ತಿನಿಂದ ಈ ವಿದ್ಯೆಯ ಮೇಲೆ ನನಗೆ ಗೌರವ ಬಂತು.

ಅಮ್ಮನಿಗೆ ಆ ಗೌರವ ಬರಲಿಲ್ಲ. ತರಗತಿಯಿರುವ ಸಂಜೆಗಳಲ್ಲಿ ಅಡುಗೆ ಅವಳ ಪಾಲಿಗೆ ಬಿತ್ತು. ಕೌಂಟರಿನಲ್ಲಿ ಅಣ್ಣ ಕೂತು ಒಬ್ಬರ ಪ್ಯಾಂಟನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡ. ಇದಿಷ್ಟನ್ನೂ ಅಮ್ಮ ಸಹಿಸುತ್ತಿದ್ದಳೋ ಏನೋ. ಆದರೆ ಒಂದು ದಿನ ಆಲೂಗಡ್ಡೆ ಸುಲಿಯುತ್ತ, "ಇಲ್ಲಿ ಕೂತ್ಕೋ. ನಾನೂ ಸ್ವಲ್ಪ ನನ್ನ ಕಷ್ಟ ಹೇಳ್ಕೋತೀನಿ, ನಿನ್ನ ಓದಿಗೂ ಆಗುತ್ತೆ" ಎಂದಾಗ, ಅತ್ತಿಗೆ ಮುಖ ಸಣ್ಣದು ಮಾಡಿಕೊಂಡು, "ಅತ್ತೆ, ಮನೆಯವರಿಗೆ ಮಾಡೋ ಹಾಗಿಲ್ಲ. ನಿಯಮ" ಎಂದಳು.

"ಯಾಕೆ?"

"ನಿಮ್ಮ ಕಷ್ಟದಲ್ಲಿ ಅರ್ಧ ನಾನೇ ಇರ್ತೀನಲ್ಲ."

ಅಮ್ಮ ಚಾಕು ಕೆಳಗಿಟ್ಟಳು. "ಊರೋರದ್ದೆಲ್ಲ ಕೇಳ್ತಾಳಂತೆ, ನನ್ನದು ಕೇಳೋ ಹಾಗಿಲ್ಲವಂತೆ" ಎಂದು ನನಗೆ ಹೇಳಿದಳು. ಆ ಮಾತು ಆ ವಾರವಿಡೀ ಪಾತ್ರೆ ಸದ್ದಿನ ಜೊತೆ ಕೇಳಿಸುತ್ತಿತ್ತು.

ಮೊದಲ ವರ್ಷ ಮುಗಿಯುತ್ತ ಬಂದಾಗ ವಿದ್ಯಾರ್ಥಿಗಳು ನಿಜವಾದ ಕಷ್ಟಸ್ಥರ ಜೊತೆ ಕೂರಬೇಕು. ಬಂದವರ ಒಪ್ಪಿಗೆ ಪಡೆದು ಮಾತನ್ನು ಧ್ವನಿಮುದ್ರಿಸುತ್ತಾರೆ. ಆಮೇಲೆ ಅವರ ಮೇಡಂ ಅದನ್ನು ಕೇಳಿ, ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳುತ್ತಾರೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಎರಡನೆಯ ವರ್ಷವಿಲ್ಲ. ಅತ್ತಿಗೆ ತನ್ನ ಸರದಿ ಮುಗಿಸಿ ಬಂದ ಸಂಜೆ ಚಪ್ಪಲಿಯನ್ನೂ ಬಿಡದೆ ಬಂದು ಊಟದ ಮೇಜಿನ ಮುಂದೆ ಕೂತಳು.

"ಏನಾಯ್ತು?" ಎಂದೆ.

"ಒಬ್ಬರು ಬಂದಿದ್ರು. ಚೆನ್ನಾಗೇ ಮಾತಾಡ್ತಿದ್ರು. ಮುಖ್ಯವಾದ ಮಾತು ಬಾಯಿಗೆ ಬಂತು, ಕಣ್ಣಲ್ಲಿ ನೀರು ಬಂತು. ನಾನು 'ಪ್ರಾರ್ಥನೆ ಮಾಡೋಣ' ಅಂದುಬಿಟ್ಟೆ."

"ಮತ್ತೆ? ಮಾಡಬೇಕಾದ್ದೇ ಅದು" ಎಂದರು ಅಪ್ಪ.

"ಮೇಡಂ ರೆಕಾರ್ಡಿಂಗ್ ಕೇಳ್ತಾ ಅಲ್ಲಿಗೇ ನಿಲ್ಲಿಸಿಬಿಟ್ರು ಮಾವ. ಈ ಪ್ರಾರ್ಥನೆ ಯಾರಿಗೆ ಬೇಕಾಗಿತ್ತು, ಅವರಿಗಾ, ನಿಮಗಾ ಅಂತ ಕೇಳಿದ್ರು. ಆ ಬಂದಿದ್ದೋರು ಕಣ್ಣೊರೆಸಿಕೊಂಡು ಆಮೆನ್ ಅಂದು ಎದ್ದು ಹೋಗಿದ್ರು. ಆ ಮಾತು ಹೇಳಲೇ ಇಲ್ಲ."

"ಯಾವ ಮಾತು?" ನಾನು ಕುತೂಹಲ ತಡೆಯಲಾರದೆ ಕೇಳಿದೆ.

"ಅದನ್ನ ಹೇಳೋ ಹಾಗಿಲ್ಲ."

ಅಪ್ಪನ ಹುಬ್ಬು ಗಂಟಾಗಿತ್ತು. "ಪ್ರಾರ್ಥನೆ ಯಾರಿಗೆ ಬೇಕು ಅಂತ ಕೇಳೋದು ಎಂಥ ಕ್ರೈಸ್ತ ಕಾಲೇಜಮ್ಮಾ?"

"ಮಾಡಬೇಡಿ ಅನ್ನಲಿಲ್ಲ ಮಾವ. ದೇವರು ಕೇಳಿಸ್ಕೊಳ್ತಾನೆ ಅಂತ ನಂಬಿರೋರು, ಒಬ್ಬರು ಮಾತು ಮುಗಿಸೋವರೆಗೂ ಕಾಯೋಕೆ ಯಾಕೆ ಹೆದರ್ತೀರಿ ಅಂದ್ರು." ಇನ್ನೊಂದು ಅವಕಾಶ ಕೊಟ್ಟಿದ್ದರು. ಅದರಲ್ಲೂ ಹೀಗೇ ಆದರೆ ಓದು ಅಲ್ಲಿಗೆ ಮುಗಿಯಿತು.

ಅಪ್ಪ ಮಾತು ಬೆಳೆಸಲಿಲ್ಲ. ಆದರೆ ಅವತ್ತಿನ ಪ್ರಾರ್ಥನೆ ಮಾಮೂಲಿಗಿಂತ ಗಟ್ಟಿಯಾಗಿತ್ತು.

ಜಗಳಕ್ಕೆ ಬೆಂಕಿ ಹತ್ತಿಕೊಂಡದ್ದು ಅದರ ಮುಂದಿನ ವಾರ. ಸೂಪಿಗೆ ಉಪ್ಪು ಬಿದ್ದಿರಲಿಲ್ಲ. ಅಣ್ಣ ಅದನ್ನು ಹೇಳಬಾರದಿತ್ತು, ಹೇಳಿದ.

"ಉಪ್ಪು ಬೇಕಾದೋರು ಅಡುಗೆಮನೆಗೆ ಬರಲಿ" ಎಂದಳು ಅಮ್ಮ. "ಬೆಳಿಗ್ಗೆಯಿಂದ ನಿಂತಿದ್ದೀನಿ. ಇವಳು ಕಾಲೇಜಿಗೆ, ಅವಳು ಇಸ್ತ್ರಿಗೆ, ನಾನೊಬ್ಬಳೇ ಒಲೆಗೆ."

"ನಾಳೆ ನಾನು ಬೇಗ ಬರ್ತೀನಿ ಅತ್ತೆ."

"ನಾಳೆ ಮಾತಲ್ಲ. ನನಗೂ ಒಬ್ಬರು ಜೊತೆ ಬೇಕಿತ್ತು ಈ ಮನೇಲಿ. ನನ್ನ ಅಕ್ಕ ಇದ್ದಿದ್ರೆ..." ಅಮ್ಮ ನಿಲ್ಲಿಸಿದಳು. ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು. "ಅವತ್ತು ಅವಳು ಬಂದಾಗ..."

ಅಪ್ಪ ಕೈ ಜೋಡಿಸಿದರು. ವಕೀಲೆಯ ತಟ್ಟೆಯಲ್ಲಿ ಇನ್ನೂ ಬ್ರೆಡ್ ಇತ್ತು. ಅಪ್ಪ ತಮ್ಮ ಕಾನೂನನ್ನು ತಾವೇ ಮುರಿದದ್ದನ್ನು ನಾನು ಮೊದಲ ಸಲ ನೋಡಿದೆ. "ಪ್ರಾರ್ಥನೆ ಮಾಡೋಣ."

"ಮಾವ, ಅತ್ತೆ ಇನ್ನೂ ಮುಗಿಸಿಲ್ಲ" ಎಂದಳು ಅತ್ತಿಗೆ.

ಮೆಲ್ಲಗೆ, ನೀರು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು. ಆದರೂ ಅಣ್ಣ ತಲೆ ತಗ್ಗಿಸಿದ. ಅಪ್ಪ ಕಣ್ಣು ತೆರೆದು ಸೊಸೆಯನ್ನು ನೋಡಿದರು, ಮತ್ತೆ ಮುಚ್ಚಿ ಶುರು ಮಾಡಿದರು. ಅನ್ನಕ್ಕೆ ಸ್ತೋತ್ರ ಹೇಳಿದರು, ರೋಗಿಗಳನ್ನು ನೆನೆದರು. ಆಮೇಲೆ, "ನಿನ್ನ ಸನ್ನಿಧಿಗೆ ಅಡ್ಡ ಬರೋ ವಿದ್ಯೆ ಈ ಮನೆಗೆ ಬೇಡ ಸ್ವಾಮಿ. ಈ ಮಗಳು ನಾಳೆಯಿಂದ ಆ ಕಾಲೇಜಿಗೆ ಹೋಗದೆ ಮನೆಯಲ್ಲಿ ನಿನ್ನ ಸೇವೆ ಮಾಡೋ ಹಾಗೆ ನಡೆಸು. ಆಮೆನ್" ಎಂದರು.

ಇನ್ನು ಮಾತು ಎತ್ತುವ ಹಾಗಿರಲಿಲ್ಲ, ಆಮೆನ್ ಆಗಿಹೋಗಿತ್ತು. ವಕೀಲೆ ಮಾತ್ರ ಬ್ರೆಡ್ ಹಿಡಿದುಕೊಂಡು ಕೇಳಿದಳು: "ತಾತ, ಪ್ರಾರ್ಥನೆ ಒಳಗೆ ಜಗಳ ಆಡಬಹುದಾ?"

"ಎದ್ದು ಕೈ ತೊಳ್ಕೋ" ಎಂದ ಅಣ್ಣ.

ಮರುದಿನ ಅತ್ತಿಗೆ ಕಾಲೇಜಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಪಕ್ಕ ನಿಂತು ಅಂಗಿಗಳಿಗೆ ನೀರು ಚಿಮುಕಿಸಿ ಸುರುಳಿ ಸುತ್ತಿಡುತ್ತಿದ್ದಳು. ನಾನು ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು ಎಂದು ಇಸ್ತ್ರಿ ಆಡಿಸುತ್ತಿದ್ದೆ. ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ಕಲೆಯ ಕಥೆ ಶುರು ಮಾಡಿದರೆ, ಅತ್ತಿಗೆ ಚೀಟಿ ಹರಿದುಕೊಟ್ಟು ಕಳಿಸಿಬಿಟ್ಟಳು.

"ನೀನು ಅಪ್ಪನ ಹತ್ತಿರ ಮಾತಾಡು" ಎಂದೆ.

"ಏನಂತ? ಆಮೆನ್ ಆಯ್ತಲ್ಲ." ಅವಳು ಸುರುಳಿ ಸುತ್ತುತ್ತಲೇ ಇದ್ದಳು. "ಮಾವನ ಮೇಲೆ ಸಿಟ್ಟಿಲ್ಲ ನನಗೆ. ಆ ಹೆಂಗಸು ಅತ್ತಾಗ ನನ್ನ ಕೈ ತಾವಾಗೇ ಜೋಡ್ಕೊಂಡವು ಗೊತ್ತಾ? ಈ ಮನೆಗೆ ಬಂದ ಮೇಲೆ ಕಲಿತಿದ್ದು. ಇನ್ನೊಂದು ಅವಕಾಶ ಕೊಟ್ಟಾಗಲೂ ಹಾಗೇ ಆಗ್ತಿತ್ತೇನೋ. ಹೋಗದೆ ಇರೋದೇ ವಾಸಿ."

ಇಷ್ಟು ಹೇಳಿ ಯಾರದೋ ಒದ್ದೆ ಅಂಗಿಯಲ್ಲಿ ಮುಖ ಒರೆಸಿಕೊಂಡಳು. ಆ ಅಂಗಿಗೆ ಮತ್ತೆ ನೀರು ಚಿಮುಕಿಸುವ ಅಗತ್ಯ ಬೀಳಲಿಲ್ಲ.

ಅಪ್ಪನೂ ಚೆನ್ನಾಗಿರಲಿಲ್ಲ. ಅವರು ಗೆದ್ದಿದ್ದರು, ಆದರೆ ಊಟದ ಮೇಜಿನಲ್ಲಿ ಈಗ ಜಗಳವೇ ಇಲ್ಲ. ಚಮಚದ ಸದ್ದು ಬಿಟ್ಟರೆ ಏನೂ ಇಲ್ಲ. ಉಪ್ಪು ಹೆಚ್ಚಾದರೂ ಅಣ್ಣ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಅಪ್ಪ ಇಸ್ತ್ರಿಯಾದ ಅಂಗಿ ಕೇಳಿದರು.

"ಹೇಳದೆ ಕೇಳದೆ ಬಿಡಿಸೋದು ಸರಿಯಲ್ಲ. ಆ ಮೇಡಮ್ಮಿಗೆ ಮುಖ ನೋಡಿ ಹೇಳಿ ಬರ್ತೀನಿ. ನೀನು ಜೊತೆಗೆ ಬಾ, ಮೆಟ್ಟಿಲಿದ್ರೆ ಕಷ್ಟ."

ಅವರು ಕರೆಯದಿದ್ದರೂ ನಾನು ಹೋಗುವವಳೇ ಇದ್ದೆ. ಆ ಕಾಲೇಜು ಹೇಗಿದೆ ಎಂದು ನೋಡಬೇಕಾಗಿತ್ತು. ನೋಡಿದರೆ ಉದ್ದನೆಯ ಓಣಿ, ಎರಡೂ ಕಡೆ ಚಿಕ್ಕ ಚಿಕ್ಕ ಕೋಣೆಗಳು, ಪ್ರತಿ ಬಾಗಿಲಿಗೂ ಒಂದು ಕಿರಿದಾದ ಗಾಜು. ಒಳಗಿನ ಮಾತು ಹೊರಗೆ ಕೇಳಿಸಬಾರದು, ಆದರೆ ಒಳಗಿರುವವರು ಕಾಣಬೇಕು, ಅದಕ್ಕೆ. ಮೇಡಂ ನನ್ನಷ್ಟೇ ವಯಸ್ಸಿನವರು, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ಅಪ್ಪನನ್ನು ಒಳಗೆ ಕರೆದು ಕೂರಿಸಿ ಬಾಗಿಲು ಹಾಕಿಕೊಂಡರು. ನಾನು ಎದುರಿನ ಬೆಂಚಿನಲ್ಲಿ ಕೂತು ನಾಚಿಕೆಯಿಲ್ಲದೆ ಗಾಜಿನೊಳಗೆ ನೋಡಿದೆ.

ಅಪ್ಪ ಮೊದಲು ಬಹಳ ಮಾತಾಡಿದರು, ಬೆರಳು ಎತ್ತಿ, ಮೇಜು ತಟ್ಟಿ. ಮೇಡಂ ಕೇಳುತ್ತಿದ್ದರು. ಅಪ್ಪನ ಮಾತು ಮುಗಿಯಿತು, ಮೇಡಂ ಏನೋ ಒಂದೇ ಮಾತು ಕೇಳಿದರು. ಅಪ್ಪ ನಮ್ಮ ಮನೆಯಲ್ಲಿ ಮಾಡುವಂತೆಯೇ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

ಮೇಡಂ ಕಣ್ಣು ಮುಚ್ಚಲಿಲ್ಲ. ತಡೆಯಲೂ ಇಲ್ಲ. ಸುಮ್ಮನೆ ಕಾದರು. ಅಪ್ಪನ ತುಟಿ ಅಲುಗಲಿಲ್ಲ. ನನಗೆ ಎದ್ದು ಬಾಗಿಲು ತಟ್ಟಿಬಿಡೋಣ ಅನ್ನಿಸಿತು, ಅಷ್ಟು ಹೊತ್ತು. ಆಮೇಲೆ ಅಪ್ಪ ಕಣ್ಣು ತೆರೆದರು, ಜೋಡಿಸಿದ ಕೈಗಳನ್ನು ಬಿಡಿಸಿ ಮಂಡಿಯ ಮೇಲಿಟ್ಟುಕೊಂಡರು. ಮತ್ತೆ ಮಾತಾಡತೊಡಗಿದರು, ಈ ಸಲ ಬೆರಳು ಎತ್ತದೆ. ನನ್ನ ಅಪ್ಪ ಅಂಥ ಮುಖದಲ್ಲಿ ಮಾತಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆಗ ನಾನೇ ಬೇರೆ ಕಡೆ ತಿರುಗಿ ಕೂತೆ. ಕುತೂಹಲಕ್ಕೂ ಒಂದು ಮಿತಿ ಇದೆ ಎಂದು ನನಗೆ ಅಲ್ಲಿ ಗೊತ್ತಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಅರ್ಧ ದಾರಿ ಕಳೆದ ಮೇಲೆ ಕೇಳಿದರು: "ನಿಮ್ಮ ದೊಡ್ಡಮ್ಮ ಬಂದ ದಿನ ನೀನು ಮನೇಲಿದ್ಯಾ?"

"ಇದ್ದೆ. ಸ್ಕೂಲಿಂದ ಬಂದಿದ್ದೆ. ಒಳಗಿಂದ ನೋಡಿದೆ."

"ಅವಳ ಕೈಲಿ ಏನಾದ್ರೂ ಇತ್ತಾ?"

"ಪೆಟ್ಟಿಗೆ ಇತ್ತು."

"ಹೌದು" ಎಂದರು ಅಪ್ಪ. "ಪೆಟ್ಟಿಗೆ ತಂದೋರು ಉಳ್ಕೊಳ್ಳೋಕೆ ಬಂದಿರ್ತಾರೆ."

ನಾವು ಮನೆ ತಲುಪಿದಾಗ ಅತ್ತಿಗೆ ಕೌಂಟರಿನಿಂದ ಎದ್ದು ನಿಂತಳು. ಅಪ್ಪ ನೇರವಾಗಿ ಮೇಲೆ ಹೋದರು. ಏನಾಯಿತೋ ಗೊತ್ತಿಲ್ಲ ಎಂದು ನಾನು ಹೆಗಲು ಕುಣಿಸಿದೆ. ಇಡೀ ದಿನ ಮನೆಯಲ್ಲಿ ಎಲ್ಲರೂ ಎಲ್ಲರ ಮುಖ ನೋಡಿಕೊಂಡು ತಿರುಗಿದೆವು.

ಊಟಕ್ಕೆ ಅನ್ನ, ಮೊಟ್ಟೆ, ಬೇಯಿಸಿದ ಕಾಳು. ತಟ್ಟೆಗಳು ಖಾಲಿಯಾದವು. ವಕೀಲೆ ಕೂಡ ಯಾಕೋ ಒಂದು ಕಾಳೂ ಬಿಡದೆ ತಿಂದಿದ್ದಳು. ಅಪ್ಪ ಕೈ ಜೋಡಿಸಲು ಎತ್ತಿದರು. ಎತ್ತಿದ ಕೈಯನ್ನು ಮತ್ತೆ ಮೇಜಿನ ಮೇಲಿಟ್ಟರು, ಒಂದು ತಟ್ಟೆಯ ಆ ಕಡೆ, ಒಂದು ಈ ಕಡೆ.

"ಎಲ್ಲರ ಮಾತೂ ಮುಗೀತಾ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಅಣ್ಣ ಗಾಬರಿಯಾಗಿ "ಮುಗೀತಪ್ಪ" ಎಂದ.

"ನಿನ್ನ ಕೇಳಲಿಲ್ಲ" ಎಂದರು ಅಪ್ಪ. ಅವರು ನೋಡುತ್ತಿದ್ದುದು ಅಮ್ಮನನ್ನು.

ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ನಿಲ್ಲಿಸಿದಳು. "ನನ್ನದು ಮುಗಿದಿಲ್ಲ" ಎಂದಳು.

"ಹೇಳು."

"ಅಕ್ಕ ಅವತ್ತು ಬಾಗಿಲಲ್ಲಿ ನಿಂತಿದ್ಳು. ಗಂಡನ್ನ ಬಿಟ್ಟು ಬಂದಿದ್ದೀನಿ, ಕೆಲವು ದಿನ ಇರ್ತೀನಿ ಅನ್ನೋಕೆ ಬಂದಿದ್ಳು. ಅವಳು ಬಾಯಿ ಬಿಡೋದ್ರೊಳಗೆ ನೀವು ಪ್ರಾರ್ಥನೆ ಮಾಡಿದ್ರಿ. ಗಂಡ ಹೆಂಡತಿ ಒಂದಾಗಿ ಬಾಳಲಿ ಅಂತ ಮಾಡಿದ್ರಿ. ನನ್ನ ಕೈಲೂ ಆಮೆನ್ ಅನ್ನಿಸಿದ್ರಿ. ಆಮೇಲೆ ಅವಳು ಏನು ಹೇಳಬೇಕು? ನಾನೇನು ಹೇಳಬೇಕು? ಪೆಟ್ಟಿಗೆ ಎತ್ಕೊಂಡು ವಾಪಸ್ ಹೋದ್ಳು. ಅಲ್ಲೇ ಸತ್ತಳು. ಸುದ್ದಿ ಬಂದ ದಿನಾನೂ ಪ್ರಾರ್ಥನೆ ಮಾಡಿದ್ರಿ. ನಾನು ಒಂದು ಸಲವೂ ಬಾಯಿಬಿಟ್ಟು ಅವಳ ಹೆಸರು ಹೇಳಿ ಅಳಲಿಲ್ಲ ಈ ಮನೇಲಿ."

ಅಮ್ಮ ಅಳತೊಡಗಿದಳು. ಸಣ್ಣದಾಗಿ ಅಲ್ಲ. ಮೇಜು ಅಲುಗುವ ಹಾಗೆ ಅತ್ತಳು. ನಾನು ಅತ್ತಿಗೆಯನ್ನು ನೋಡಿದೆ. ಅವಳ ಎರಡೂ ಕೈ ಮಡಿಲಲ್ಲಿ ಒಂದರ ಹತ್ತಿರ ಒಂದು ಸರಿಯುತ್ತಿದ್ದವು. ಅವಳಿಗೂ ಅದು ಕಂಡಿತು. ಕೈಗಳನ್ನು ಬಿಡಿಸಿ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪನ ಕೈಗಳೂ ತಟ್ಟೆಯ ಆಚೀಚೆಯಿಂದ ಕದಲಲಿಲ್ಲ. ಅಮ್ಮ ಮುಗಿಸುವ ತನಕ ಅಣ್ಣ ಕೂಡ ಹೊತ್ತಾಯ್ತಾ ಎಂದು ಕೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು. ಕುರ್ಚಿ ಹಿಡಿದಿದ್ದ ಆ ಕೈಗಳನ್ನು ಅವಳೂ ನೋಡಿದ್ದಳು.

"ಇದನ್ನೇನಾ ಅಲ್ಲಿ ಕಲಿಸೋದು?"

"ಹೌದು ಅತ್ತೆ."

"ಹಾಗಾದ್ರೆ ಎರಡು ವರ್ಷ ಬೇಕು ಬಿಡು."

ಅಪ್ಪ ಅತ್ತಿಗೆಯ ಕಡೆ ನೋಡಿದರು. "ನಾಳೆ ನಿನಗೆ ತರಗತಿ ಇದೆ. ಮೇಡಂ ಬರೋಕೆ ಹೇಳಿದ್ದಾರೆ. ಆಲೂಗಡ್ಡೆ ನಾನು ಸುಲೀತೀನಿ."

"ಮಾವ, ಆಮೆನ್ ಆಗಿತ್ತಲ್ಲ..."

"ಅದನ್ನ ನಾನು ಕೇಳಿದ್ದು. ಕೊಡ್ತೀನಿ ಅಂತ ದೇವರು ಎಲ್ಲಿ ಒಪ್ಪಿದ್ದ?" ಎಂದರು ಅಪ್ಪ.

ಅಮ್ಮ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು. "ಈಗ ಮಾಡಿ ಪ್ರಾರ್ಥನೆ" ಎಂದಳು.

ಅಪ್ಪ ಕೈ ಜೋಡಿಸಿದರು. ನಾವೂ ಜೋಡಿಸಿದೆವು. ಸತ್ತವರ ಮನೆಯಲ್ಲಿ, ಕೆಟ್ಟವರ ಮನೆಯಲ್ಲಿ, ಎಲ್ಲಿ ನಿಲ್ಲಿಸಿದರೂ ಪ್ರಾರ್ಥನೆ ಮಾಡಿದ್ದ ನನ್ನ ಅಪ್ಪನಿಗೆ ಅವತ್ತು ಒಂದು ಪದವೂ ಸಿಗಲಿಲ್ಲ. ಎರಡು ಸಲ ಶುರು ಮಾಡಿ ಎರಡು ಸಲವೂ ನಿಂತರು. ನಾವು ಕಾದೆವು.

ಕೊನೆಗೆ ಅಮ್ಮನೇ ಶುರು ಮಾಡಿದಳು. ತನ್ನ ಅಕ್ಕನ ಹೆಸರು ಹಿಡಿದು ಶುರು ಮಾಡಿದಳು.